ಮುಂದಿನ ಎತ್ತು

ನಾನು ಒಂದು ಹಳೆಯ ಜೀಪಿನ ಮುಂದಿನ ಡಿಫರೆನ್ಷಿಯಲ್. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ. ಜೀಪಿನ ಮುಂದಿನ ಎರಡು ಗಾಲಿಗಳ ನಡುವೆ ಬಗ್ಗಿ ನೋಡಿದರೆ ಮಣ್ಣು ಮೆತ್ತಿದ ಒಂದು ಕಬ್ಬಿಣದ ಗುಂಡು ಕಾಣುತ್ತದೆ. ಅದರ ಎಡಕ್ಕೂ ಬಲಕ್ಕೂ ತೋಳು ಚಾಚಿದಂತೆ ಎರಡು ಕೊಳವೆ. ಅದೇ ನಾನು. ಎಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೆ ಹಂಚುವುದು ನನ್ನ ಕೆಲಸ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರೂ ಕಿತ್ತಾಡದ ಹಾಗೆ ನೋಡಿಕೊಳ್ಳಬೇಕು. ಇಬ್ಬರು ಸೊಸೆಯಂದಿರಿಗೆ ಒಂದೇ ಒಲೆ ಹಂಚಿಕೊಟ್ಟ ಅತ್ತೆಯ ಕೆಲಸ ಅನ್ನಿ.

ಮುಂಬೈ ಕಡೆಯ ಒಂದು ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನಾನು ಹುಟ್ಟಿದೆ. ಮೈ ಆರಿದ ಮೇಲೆ ಹೊಟ್ಟೆಯೊಳಗೆ ಎರಡು ಗೇರು ಕೂರಿಸಿದರು. ಒಂದು ತಟ್ಟೆಯಷ್ಟು ಅಗಲದ ಕ್ರೌನ್, ಇನ್ನೊಂದು ಮುಷ್ಟಿಯಷ್ಟು ದಪ್ಪದ ಪಿನಿಯನ್. ಕೂರಿಸುವ ಮೊದಲು ಎರಡನ್ನೂ ಒಂದಕ್ಕೊಂದು ಹಚ್ಚಿ ತಿರುಗಿಸಿ, ಹಲ್ಲಿಗೆ ಹಲ್ಲು ಹೊಂದುವವರೆಗೆ ಅರೆದಿದ್ದರು. ಹಾಗೆ ಜೊತೆಯಾಗಿ ಅರೆದವು ಜೊತೆಯಾಗಿಯೇ ಸವೆಯಬೇಕು. ಒಂದನ್ನು ಮಾತ್ರ ಬದಲಿಸಿದರೆ ಇನ್ನೊಂದು ಒಪ್ಪುವುದಿಲ್ಲ. ಕೊನೆಗೆ ಜೇನಿನಂಥ ಗೇರ್ ಆಯಿಲ್ ಸುರಿದು, ಬಾಯಿಗೆ ಬಿರಡೆ ಹಾಕಿ ಬಿಗಿದರು. ಆ ಎಣ್ಣೆಯ ಘಾಟು ನನಗೆ ತಾಯಿಯ ಹಾಲಿನಂತೆ ರೂಢಿಯಾಯಿತು.

ಇನ್ನೊಂದು ಮಾತು ಹೇಳಿಬಿಡಬೇಕು. ಒಳ್ಳೆಯ ರಸ್ತೆಯಲ್ಲಿ ಜೀಪನ್ನು ಓಡಿಸುವವನು ನಾನಲ್ಲ, ಹಿಂದಿನ ಡಿಫರೆನ್ಷಿಯಲ್. ನಾನು ಸುಮ್ಮನೆ ಗಾಲಿಗಳ ಜೊತೆ ತಿರುಗುತ್ತಿರುತ್ತೇನೆ. ಕೆಸರು ಬಂದಾಗ, ಹಿಂದಿನವನು ಸೋತಾಗ, ಡ್ರೈವರು ಒಂದು ಸಣ್ಣ ಲಿವರ್ ಎಳೆಯುತ್ತಾನೆ. ಆಗ ಎಂಜಿನ್ನಿನ ಬಲ ನನಗೂ ಬರುತ್ತದೆ, ನಾಲ್ಕು ಗಾಲಿಯೂ ಒಟ್ಟಿಗೆ ಜಗ್ಗುತ್ತವೆ. ಕೆಸರು ದಾಟಿದ ಮೇಲೆ ನನ್ನನ್ನು ಯಾರು ಕೇಳುತ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಕೈ ಕೆಸರಾದರೆ ಬಾಯಿ ಮೊಸರು ಅಂತಲೂ ಹೇಳಿದ್ದಾರೆ, ಅದು ನನ್ನ ಪಾಲಿಗೆ ಸುಳ್ಳು. ನನ್ನದು ಕೈಯೂ ಕೆಸರು, ಬಾಯಿಯೂ ಕೆಸರು.

ಕೆಳಗೆ ತೂಗಿಕೊಂಡಿರುವವನಿಗೆ ಮನುಷ್ಯರು ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ಮುಖ ನೋಡಿ ಮಣೆ ಹಾಕುವ ಅಭ್ಯಾಸ ನನಗಿಲ್ಲ, ಕಾಲು ನೋಡಿಯೇ ಗುರುತು ಹಿಡಿದೆ. ನನ್ನ ಮೊದಲ ಒಡೆಯ ನೀರಾವರಿ ಇಲಾಖೆ. ಅದಕ್ಕೆ ಕಾಲಿರಲಿಲ್ಲ, ಡ್ರೈವರ್ ಪೀರಾಜಿಗೆ ಇದ್ದವು. ಬಿರುಕುಬಿಟ್ಟ ಹಿಮ್ಮಡಿಯ, ಸದಾ ಒದ್ದೆಯಾದ ಕಾಲುಗಳು. ಮಲಪ್ರಭೆಯ ಕಾಲುವೆಯ ಏರಿಯ ಮೇಲೆ ಅವನು ನನ್ನನ್ನು ವರ್ಷಗಟ್ಟಲೆ ಓಡಿಸಿದ. ಮಳೆಗಾಲ ಮುಗಿದ ಕೂಡಲೇ ಹಳೆಯ ಎಣ್ಣೆ ಬಸಿದು ಹೊಸದನ್ನು ಹಾಕಿಸುತ್ತಿದ್ದ. ಅವನಿದ್ದಷ್ಟು ದಿನ ನನ್ನ ಹೊಟ್ಟೆ ತಣ್ಣಗಿತ್ತು.

ಪೀರಾಜಿ ನಿವೃತ್ತನಾದ. ಜೀಪನ್ನೂ ಹರಾಜು ಹಾಕಿದರು. ಕೊಂಡವನು ಒಬ್ಬ ಗುತ್ತಿಗೆದಾರ. ಬೂಟು ಮಿರಮಿರ ಹೊಳೆಯುತ್ತಿದ್ದವು, ಬುದ್ಧಿ ಮಾತ್ರ ಕಿರಿದು. ಮುಂದಿನದು ತಿರುಗಿದಷ್ಟೂ ಡೀಸೆಲ್ ಕುಡಿಯುತ್ತದೆ ಎಂದು ಯಾರೋ ಅವನ ಕಿವಿ ಊದಿದರು. ಎಂಜಿನ್ನಿನಿಂದ ನನಗೆ ಬಲ ತರುವ ಶಾಫ್ಟನ್ನೇ ಬಿಚ್ಚಿ ಮೂಲೆಗೆ ಎಸೆದ. ಆಮೇಲೆ ಎಷ್ಟೋ ವರ್ಷ ನಾನು ದುಡಿಮೆಯಿಲ್ಲದೆ ತೂಗಾಡಿದೆ. ಎಣ್ಣೆ ನೋಡುವವರಿಲ್ಲ, ಎಣ್ಣೆ ತಡೆಯುವ ರಬ್ಬರಿನ ಸೀಲು ಒಣಗಿ ಬಿರಿಯಿತು, ಒಳಗಿದ್ದ ಎಣ್ಣೆ ಹನಿಹನಿಯಾಗಿ ಸೋರಿಹೋಯಿತು. ದುಡಿದು ಸವೆಯುವುದಕ್ಕಿಂತ ಸುಮ್ಮನಿದ್ದು ಕೆಡುವುದು ಹೆಚ್ಚು ನೋವು. ನನ್ನ ಬೇರಿಂಗಿಗೆ ತುಕ್ಕಿನ ಚುಕ್ಕೆ ಬಿದ್ದದ್ದು ಆ ದಿನಗಳಲ್ಲಿ.

ಆಮೇಲೆ ಅಡಿವೆಪ್ಪ ಬಂದ.

ಅವನು ನವಲಗುಂದದ ಆಚೆ, ಒಂದು ಹಳ್ಳದ ಆ ದಡದ ಅಳಗುಂಡಿ ಎಂಬ ಊರಿನವನು. ಹುಟ್ಟಿದಾಗಿನಿಂದ ಎತ್ತಿನ ಗಾಡಿ ಹೊಡೆದವನು. ಗುತ್ತಿಗೆದಾರನ ಅಂಗಳದಲ್ಲಿ ಜೀಪು ನೋಡಲು ಬಂದವರೆಲ್ಲ ಬಾನೆಟ್ ಎತ್ತಿದರು, ಸೀಟು ಒತ್ತಿದರು. ಅಡಿವೆಪ್ಪ ರುಮಾಲು ತೆಗೆದು ನೆಲಕ್ಕೆ ಹಾಸಿ, ಅಂಗಾತ ಮಲಗಿ, ಕೆಳಗೆ ಸರಿದು ಬಂದ. ನನ್ನನ್ನು ನೋಡಲೆಂದೇ ಬಂದ ಮೊದಲ ಮನುಷ್ಯನ ಮುಖ ಅವನದು.

“ಇದೇನ್ ಮಾಡತೈತ್ರಿ?” ಎಂದು ಕೇಳಿದ.

“ಕೆಸರಾಗ ಮುಂದಿಂದ ಜಗ್ಗತೈತಿ” ಎಂದ ಗುತ್ತಿಗೆದಾರನ ಆಳು.

“ಹಂಗಾರ ಇದು ಮುಂದಿನ ಎತ್ತು” ಎಂದು ಅಡಿವೆಪ್ಪ ನನ್ನ ಮೈಮೇಲಿನ ಮಣ್ಣನ್ನು ಉಗುರಿನಿಂದ ಕೆರೆದು ನೋಡಿದ. ಅಂದಿನಿಂದ ನನಗೆ ಅದೇ ಹೆಸರು. ನಿಜ ಹೇಳುತ್ತೇನೆ, ನನಗೆ ಇಷ್ಟವಾಯಿತು.

ಅವನು ಜೋಡೆತ್ತು ಮತ್ತು ಗಾಡಿಯನ್ನು ಇನ್ನೊಬ್ಬ ರೈತನಿಗೆ ಮಾರಿ ಜೀಪು ಕೊಂಡಿದ್ದ. ಷೋಕಿಗಲ್ಲ. ಅವನ ಹೆಂಡತಿ ಕಲ್ಲವ್ವನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಮಕ್ಕಳಿಲ್ಲದ ಮನೆ, ಅವನಿಗೆ ಅವಳು, ಅವಳಿಗೆ ಅವನು. ಪ್ರತಿ ಸೋಮವಾರ, ಪ್ರತಿ ಗುರುವಾರ ತಾಲೂಕಿನ ದವಾಖಾನೆಗೆ ಹೋಗಿ, ಮಷಿನ್ನಿಗೆ ಹಚ್ಚಿಸಿಕೊಂಡು ರಕ್ತ ತೊಳೆಸಿಕೊಳ್ಳಬೇಕು. ತಪ್ಪಿದರೆ ನೀರು ಮೈಯಲ್ಲೇ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಊರಿನಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಎರೆ ಭೂಮಿಯ ದಾರಿ. ಬೇಸಿಗೆಯಲ್ಲಿ ಅದು ಬಾಯಿಬಿಟ್ಟು ಬಿರಿಯುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ಹಿಡಿದ ಕಾಲನ್ನು ಬಿಡುವುದಿಲ್ಲ. ಚಪ್ಪಲಿಗೆ ಮೆತ್ತಿದ ಮಣ್ಣು ಚಪ್ಪಲಿಗಿಂತ ಭಾರ. ಆ ದಾರಿಯಲ್ಲಿ ಮಳೆಗಾಲ ದಾಟಿಸಲು ಅವನಿಗೆ ನಾನು ಬೇಕಾಗಿದ್ದೆ. ನವಲಗುಂದದ ಮೇಸ್ತ್ರಿ ದಾವಲಸಾಬನ ಗ್ಯಾರೇಜಿಗೆ ಒಯ್ದು ಮೂಲೆಗೆ ಬಿದ್ದಿದ್ದ ಶಾಫ್ಟನ್ನು ಮತ್ತೆ ಹಾಕಿಸಿದ. ಸೀಲು ಬದಲಾಯಿಸಿ, ಹೊಸ ಎಣ್ಣೆ ಹಾಕಿಸಿದ. ಬಹಳ ದಿನದ ಮೇಲೆ ನನಗೆ ಮತ್ತೆ ಕೆಲಸ ಸಿಕ್ಕಿತು.

ಕಲ್ಲವ್ವನನ್ನು ನಾನು ಪಾದಗಳಿಂದ ಅರಿತೆ. ಜೀಪು ಹತ್ತುವಾಗ ಅವು ನನ್ನ ಮಗ್ಗುಲಿಗೇ ಬಂದು ನಿಲ್ಲುತ್ತಿದ್ದವು. ದವಾಖಾನೆಗೆ ಹೋಗುವ ಬೆಳಿಗ್ಗೆ ಉಬ್ಬಿರುತ್ತಿದ್ದವು, ಕಾಲುಂಗುರ ಮಾಂಸದಲ್ಲಿ ಹುಗಿದಿರುತ್ತಿತ್ತು. ಸಂಜೆ ಮರಳಿ ಬಂದು ಇಳಿಯುವಾಗ ಊತ ಕಡಿಮೆಯಾಗಿರುತ್ತಿತ್ತು, ಆದರೆ ಪಾದಗಳು ನಡುಗುತ್ತಿದ್ದವು. ಒಂದು ದಿನ ಕಾಲುಂಗುರವೇ ಇರಲಿಲ್ಲ. ಅಕ್ಕಸಾಲಿಗನಿಂದ ಕತ್ತರಿಸಿ ತೆಗೆಸಿದ್ದರು. ಗಂಡ ಬದುಕಿರುವಾಗ ಕಾಲುಂಗುರ ತೆಗೆಯಬೇಕಾಯಿತಲ್ಲ ಎಂದು ಆಕೆ ದಾರಿಯುದ್ದಕ್ಕೂ ಮಾತಾಡಲಿಲ್ಲ.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಆ ದಿನ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎಂಥ ಹದ ಇದ್ದರೂ ಉಳುಮೆಗೆ ಗಳೆ ಹೂಡುವುದಿಲ್ಲ. ಅಡಿವೆಪ್ಪ ಆ ನೇಮದಲ್ಲೇ ಬೆಳೆದವನು. ಅವನಿಗೆ ನಾನೂ ಎತ್ತೇ ಆಗಿದ್ದೆನಲ್ಲ, ಬೇರೆ ದಿನ ಕೊಡಿರೆಂದು ದವಾಖಾನೆಯಲ್ಲಿ ಕೈಮುಗಿದು ಕೇಳಿದ. ಬೇರೆ ದಿನ ಮಷಿನ್ ಖಾಲಿ ಇರಲಿಲ್ಲ. ಹಾಗಾಗಿ ಪ್ರತಿ ಸೋಮವಾರ ಕೀಲಿ ತಿರುಗಿಸುವ ಮೊದಲು ಜೀಪಿನ ಮುಂದೆ ಬಂದು ಬಗ್ಗಿ, ನನ್ನನ್ನು ಮುಟ್ಟಿ, “ತಪ್ಪ ತಿಳ್ಕೋಬ್ಯಾಡಪಾ, ಆಕಿ ಜೀವಾ ಐತಿ” ಎನ್ನುತ್ತಿದ್ದ. ಕಬ್ಬಿಣಕ್ಕೆ ಹೀಗೆ ಕ್ಷಮೆ ಕೇಳಿದವನನ್ನು ನಾನು ಬೇರೆ ಕಂಡಿಲ್ಲ.

ಒಂದು ಮುಂಗಾರು, ಒಂದು ಹಿಂಗಾರು ಕಳೆದವು. ತುಕ್ಕು ಹಿಡಿದಿದ್ದ ನನ್ನ ಬೇರಿಂಗು ಎಷ್ಟಂತ ತಡೆದೀತು? ಒಳಗೆ ನೋವು ಸುರುವಾಯಿತು. ನೋವಾದರೆ ನಮ್ಮ ಜಾತಿ ಒಂದೇ ಭಾಷೆಯಲ್ಲಿ ಹೇಳುತ್ತದೆ, ಊಳಿಡುತ್ತದೆ. ಮೊದಲು ಸಣ್ಣಗೆ, ದೂರದಲ್ಲಿ ಯಾರೋ ಕೊಳವೆ ಊದಿದ ಹಾಗೆ. ಬರಬರುತ್ತ ದೊಡ್ಡದಾಗಿ. ಮೊದಲು ಕೇಳಿಸಿಕೊಂಡವಳು ಕಲ್ಲವ್ವ.

“ಮುಂದ ಏನೋ ಅಳಾಕತ್ತೈತ್ರಿ” ಎಂದಳು.

“ಏನಿಲ್ಲ, ಸುಮ್ನಿರು” ಎಂದ ಅಡಿವೆಪ್ಪ.

“ನನ್ನ ಕಾಲೂ ಭಾಳ ಹರಿಯಾಕತ್ತಾವು, ನೋವ ತಾಳಾಕ ಆಗವಲ್ದು.”

“ಏನಾಗಂಗಿಲ್ಲ. ದವಾಖಾನಿ ಬಂದ ಬಿಡತು.”

ಅವನಿಗೆ ಕೇಳಿಸುತ್ತಿರಲಿಲ್ಲ ಎಂದಲ್ಲ. ದಾವಲಸಾಬನ ಹತ್ತಿರ ಹೋಗಿ ಕೇಳಿಯೂ ಇದ್ದ. ಬೇರಿಂಗ್ ಹೋಗಿರಬೇಕು, ಬಿಚ್ಚಿ ನೋಡಬೇಕು, ಗಾಡಿಯನ್ನು ಒಂದು ವಾರ ಬಿಟ್ಟು ಹೋಗಿರಿ ಎಂದು ದಾವಲಸಾಬ ಹೇಳಿದ. ಒಂದು ವಾರ ಅಂದರೆ ಎರಡು ಸಲದ ದವಾಖಾನೆ. ಸುಗ್ಗಿ ಮುಗಿಯಲಿ, ದಾರಿ ಒಣಗಲಿ, ಆಮೇಲೆ ಬಿಡುತ್ತೇನೆ ಎಂದು ಅಡಿವೆಪ್ಪ ಮರಳಿ ಬಂದ. ಊಳು ದಿನದಿನಕ್ಕೆ ಜೋರಾಯಿತು. ಅದು ಕೇಳಿದಷ್ಟೂ ಅವನ ಮುಖ ಸಣ್ಣದಾಗುತ್ತಿತ್ತಂತೆ. ಹಾಗೆಂದು ಕಲ್ಲವ್ವ ನೆರೆಯವಳಿಗೆ ಹೇಳಿದ್ದನ್ನು ಕೇಳಿದ್ದೇನೆ.

ಆಗ ಅವನು ತನಗೆ ಗೊತ್ತಿದ್ದ ಮದ್ದು ಮಾಡಿದ. ಎತ್ತಿನ ಗಾಡಿಯವರ ಬಳಿ ಕೀಲೆಣ್ಣೆ ಅಂತ ಇರುತ್ತದೆ. ಹುಲ್ಲು ಸುಟ್ಟ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೆ ತೂಗುಹಾಕಿಕೊಳ್ಳುತ್ತಾರೆ. ಗಾಲಿ ಕಿರುಗುಟ್ಟಿದರೆ ಅಚ್ಚಿಗೆ ಒಂದು ಬೆರಳು ಸವರುತ್ತಾರೆ, ಗಾಲಿ ಸುಮ್ಮನಾಗುತ್ತದೆ. ಅವನ ಅಪ್ಪನೂ ಅಜ್ಜನೂ ಹಾಗೆಯೇ ಮಾಡಿದ್ದು. ಒಂದು ಮಧ್ಯಾಹ್ನ ನಟ್ಟು ಬಿಚ್ಚುವ ಪಾನಾ ಹಿಡಿದು ನನ್ನ ಕೆಳಗೆ ಸರಿದ. ಬಿರಡೆ ತಿರುವಿ ತೆಗೆದ. ಗೊಟ್ಟದಲ್ಲಿದ್ದ ಕೀಲೆಣ್ಣೆಯನ್ನು ಬೆರಳಿನಿಂದ ತೆಗೆತೆಗೆದು ನನ್ನ ಬಾಯಿಗೆ ತುರುಕಿದ, ಹಸುಗೂಸಿಗೆ ಗುಟ್ಟಿ ಔಷಧ ಹಾಕುವವರ ಹಾಗೆ.

“ಕುಡಿ ನನ್ನಪ್ಪಾ. ಭಾಳ ದಣದೀ” ಎಂದ.

ನಾನೇನು ಹೇಳಲಿ? ಬೇಡ ಎನ್ನಲು ನನ್ನಲ್ಲಿದ್ದದ್ದು ಆ ಊಳೊಂದೇ, ಅದರ ಮೇಲೆಯೇ ಅವನು ಮದ್ದು ಹಾಕಿದ್ದ. ದಪ್ಪನೆಯ ಕೀಲೆಣ್ಣೆ ಹಲ್ಲುಗಳ ನಡುವೆ ತುಂಬಿಕೊಂಡು ನನ್ನ ದನಿ ಅಡಗಿತು. ಅಡಿವೆಪ್ಪನಿಗೆ ಎಲ್ಲಿಲ್ಲದ ಸಮಾಧಾನ. ಅಂದು ಸಂಜೆ ರೊಟ್ಟಿ ಒಂದು ಹೆಚ್ಚಿಗೆ ತಿಂದನಂತೆ. ಆದರೆ ಗಾಡಿಯ ಅಚ್ಚು ಬೇರೆ, ನನ್ನ ಹೊಟ್ಟೆ ಬೇರೆ. ಬೂದಿಯ ಹರಳು ನುಣ್ಣನೆಯ ಮರಳಿನಂತೆ ನನ್ನನ್ನು ಒಳಗಿಂದ ತೇಯತೊಡಗಿತು. ಪ್ರತಿ ತಿರುವಿಗೂ ನಾನು ಒಂದಿಷ್ಟು ಕಡಿಮೆಯಾಗುತ್ತಿದ್ದೆ, ಮೇಲಿನವರಿಗೆ ಎಲ್ಲವೂ ಸರಿಯಾದಂತೆ ಕಾಣುತ್ತಿತ್ತು. ಅವನ ಮೇಲೆ ಸಿಟ್ಟು ಬಂತು. ಅವನ ಬೆರಳಿನ ಬಿಸುಪೂ ನೆನಪಿತ್ತು. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.

ಹಸ್ತಾ ಮಳೆ ಹಿಡಿದ ಒಂದು ಸೋಮವಾರ. ಬೆಳಗಿನಿಂದಲೇ ಕಲ್ಲವ್ವನ ಪಾದ ಹಿಂದೆಂದಿಗಿಂತ ಹೆಚ್ಚು ಉಬ್ಬಿದ್ದವು. ಊರ ಅಗಸೆಬಾಗಿಲು ದಾಟಿದ ಕೂಡಲೇ ಹಿಂದಿನ ಗಾಲಿಗಳು ಜಾರಿದವು. ಅಡಿವೆಪ್ಪ ಲಿವರ್ ಎಳೆದ. ನಾನು ನನ್ನ ಶಕ್ತಿಯನ್ನೆಲ್ಲ ಕೂಡಿಸಿ ಜಗ್ಗಿದೆ. ಸ್ವಲ್ಪ ದೂರ ಬಂದೆವು ಕೂಡ. ಆಮೇಲೆ ಹೊಟ್ಟೆಯೊಳಗೆ ಬೇರಿಂಗು ಪುಡಿಯಾಯಿತು, ಪಿನಿಯನ್ ಓರೆಯಾಗಿ ಹಲ್ಲುಗಳು ಮುರಿದು ಉದುರಿದವು, ನನ್ನ ಮೈ ಉದ್ದಕ್ಕೂ ಬಿರುಕುಬಿಟ್ಟಿತು. ಎಂಜಿನ್ ಎಷ್ಟು ತಿರುಗಿಸಿದರೂ ಒಳಗೆ ಬರೀ ಗರಗರ, ಗಾಲಿಗೆ ಏನೂ ಮುಟ್ಟುವುದಿಲ್ಲ. ಹಿಂದಿನ ಗಾಲಿ ಅಚ್ಚಿನವರೆಗೆ ಹೂತವು.

ಊರಿನವರು ಓಡಿಬಂದರು. ಇದ್ದ ಎರಡು ಟ್ರ್ಯಾಕ್ಟರಿನಲ್ಲಿ ಒಂದು ಪರವೂರಿಗೆ ಹೋಗಿತ್ತು, ಇನ್ನೊಂದು ಅದೇ ಹಸಿಯಲ್ಲಿ ಹೊಲದಲ್ಲೇ ಹುಗಿದು ನಿಂತಿತ್ತು. ಯಾರೋ ಒಬ್ಬ ತನ್ನ ಎತ್ತು ತರುತ್ತೇನೆಂದು ಹೊರಟ. ಸೋಮವಾರವಾದರೂ ಇರಲಿ, ಜೀವಕ್ಕಿಂತ ದೊಡ್ಡದೇನು ಎಂದ. ಜೀಪಿನೊಳಗಿಂದ ಕಲ್ಲವ್ವನ ದನಿ ಬಂತು.

“ಬ್ಯಾಡಪಾ. ಸ್ವಾಮಾರ ಬಸವಣ್ಣನ ಕೊಳ್ಳಿಗೆ ನನ್ನ ಸಲುವಾಗಿ ನೊಗಾ ಇಡಬ್ಯಾಡ್ರಿ. ನನಗ ಪಾಪ ಹತ್ತತೈತಿ.”

ಹೊರಟವನು ತಿರುಗಿ ಬಂದ. ನನ್ನ ಮುಂದೆ ಒಂದು ಜೊತೆ ಮುದಿ ಕಾಲುಗಳು ಬಂದು ನಿಂತವು. ಊರ ಹಿರಿಯರಾದ ಫಕೀರಗೌಡರು. ಧೋತರವನ್ನು ಮೇಲಕ್ಕೆ ಕಟ್ಟಿದರು.

“ಸ್ವಾಮಾರದ ಸೂಟಿ ಬಸವಣ್ಣಗ ಐತಿ, ನಮಗೇನಿಲ್ಲ. ಹಗ್ಗಾ ತರ್ರಿ” ಎಂದರು.

ನನ್ನ ತೋಳಿಗೇ ಹಗ್ಗ ಬಿಗಿದರು. ನೊಗ ಹೊರುವ ಜಾಗದಲ್ಲಿ ಮನುಷ್ಯರು ಹೆಗಲು ಕೊಟ್ಟರು. ಗಂಡಸರು ಮುಂದೆ, ಹೆಂಗಸರು ಹಿಂದಿನಿಂದ ನೂಕುವುದಕ್ಕೆ. ನಾನು ಎಳೆಯಬೇಕಾದ ಜೀಪನ್ನು, ನನ್ನನ್ನೂ ಸೇರಿಸಿ, ಅವರು ಎಳೆದರು. ಎರೆಮಣ್ಣಿನಲ್ಲಿ ಮೊಣಕಾಲಿನವರೆಗೆ ಹೂಳುವ ಕಾಲುಗಳು, ಕಿತ್ತು ಮತ್ತೆ ಊರುವ ಕಾಲುಗಳು. ಒಂದು ಕಡೆ ಗೌಡರು ಬಿದ್ದರು, ಎದ್ದು ಮತ್ತೆ ಹಗ್ಗ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಡಾಂಬರು ರಸ್ತೆ ಬಂತು. ಅಲ್ಲಿ ಒಂದು ಟೆಂಪೋ ನಿಲ್ಲಿಸಿ ಕಲ್ಲವ್ವನನ್ನು ಕೂರಿಸಿ ಕಳಿಸಿದರು. ಮಷಿನ್ ಸಿಕ್ಕಿತು. ಅಂದು ಅವಳು ಬದುಕಿಕೊಂಡಳು.

ನನಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚು ನಾಚಿದವಳು ಕಲ್ಲವ್ವ.

ಮಳೆ ಬಿಡುವು ಕೊಟ್ಟಾಗ ಅಡಿವೆಪ್ಪ ಹಿಂದಿನ ಗಾಲಿಗಳ ಬಲದಿಂದಲೇ ಜೀಪನ್ನು ಹೇಗೋ ಅಂಗಳಕ್ಕೆ ತಂದು ನಿಲ್ಲಿಸಿದ. ಗುರುವಾರ ಬಂತು. ನೆಲ ಇನ್ನೂ ಹಸಿ. ಕಲ್ಲವ್ವ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ.

“ನಾ ಬರಂಗಿಲ್ರಿ.”

“ಬರಂಗಿಲ್ಲ ಅಂದ್ರ? ಟ್ರ್ಯಾಕ್ಟರ್ ಹೇಳೇನಿ, ಏಳು.”

“ಗೌಡ್ರಂಥ ಹಿರೇರು ನನ್ನ ಸಲುವಾಗಿ ಕೆಸರಾಗ ಬಿದ್ರು. ಊರ ಮಂದಿ ಕೊಳ್ಳಿಗೆ ಹಗ್ಗಾ ಹಾಕ್ಕೊಂಡ್ರು. ಇನ್ನ ಎಷ್ಟ ಸಲ ಜಗ್ಗಸ್ಲಿ? ಗಾಡೀನೂ ಸಾಕಂತೈತಿ, ನಾನೂ ಸಾಕಂತೇನಿ. ಬಿಡ್ರಿ.”

“ಹಂಗೆಲ್ಲಾ ಅನಬ್ಯಾಡ. ಏನಾಗಂಗಿಲ್ಲ.”

ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಅವನು ಬೇಡಿಕೊಂಡ, ಗದರಿದ, ನೆರೆಯವರನ್ನು ಕರೆದು ಹೇಳಿಸಿದ. ಆ ಗುರುವಾರ ಹಾಗೆಯೇ ಮುಳುಗಿತು. ಅಡಿವೆಪ್ಪ ದಾವಲಸಾಬನಿಗೆ ಫೋನ್ ಮಾಡಿದ. ಗಾಡಿ ಸರಿಯಾದರೆ ಅವಳು ಎದ್ದಾಳು ಎಂಬ ಒಂದೇ ಆಸೆ ಅವನಿಗಿತ್ತು.

ಶುಕ್ರವಾರ ನಮಾಜು ಮುಗಿಸಿಕೊಂಡು ದಾವಲಸಾಬ ಬಂದ. ಹುಬ್ಬಳ್ಳಿಯ ಗುಜರಿಯಿಂದ ತರಿಸಿದ ಇನ್ನೊಂದು ಡಿಫರೆನ್ಷಿಯಲನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಬಂದಿದ್ದ. ಇಳಿಸಿದ ಮೇಲೆ ಮೊದಲು ಅದರ ಮುಚ್ಚಳ ತೆಗೆದು ಹಲ್ಲು ಎಣಿಸಿದ, ಆಮೇಲೆ ಹಿಂದಿನ ಗಾಲಿಗಳ ನಡುವಿನವನ ಹಲ್ಲಿನ ಲೆಕ್ಕಕ್ಕೆ ತಾಳೆ ನೋಡಿದ.

“ಎರಡರದೂ ಲೆಕ್ಕ ಒಂದ ಇರಬೇ‍ಕು ಕಾಕಾ. ಇಲ್ಲಂದ್ರ ಮುಂದಿಂದು ಒಂದು ನಮೂನಿ ಓಡತೈತಿ, ಹಿಂದಿಂದು ಒಂದು ನಮೂನಿ. ನಡುವಿಂದು ಮುರದ ಹೋಕ್ಕೈತಿ.”

“ಗೊತ್ತೈತಿ ಬಿಡು. ನಡಿಗಿ ಕೂಡದ ಎತ್ತ ಹೂಡಿದ್ರ ನೊಗಾನ ಮುರೀತೈತಿ” ಎಂದ ಅಡಿವೆಪ್ಪ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

ಬೇವಿನ ಮರದ ಕೆಳಗೆ ಜೀಪನ್ನು ಜಾಕಿನಿಂದ ಎತ್ತಿ, ದಿಮ್ಮಿ ಕೊಟ್ಟು, ಗಾಲಿ ಬಿಚ್ಚಿ, ಓಣಿಯ ನಾಲ್ಕು ಜನರ ಕೈಯಿಂದ ನನ್ನನ್ನು ಕೆಳಗಿಳಿಸಿದರು. ಜೀಪಿಗೆ ಸೇರಿದ ಮೇಲೆ ಮೊದಲ ಸಲ ಅದರಿಂದ ಬೇರೆಯಾಗಿ ನೆಲದ ಮೇಲೆ ಮಲಗಿದೆ. ಕಟ್ಟೆಯ ಮೇಲೆ ಕಲ್ಲವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಉಸಿರು ಎಳೆದು ಬಿಡುವುದು ಅಂಗಳಕ್ಕೆ ಕೇಳುತ್ತಿತ್ತು.

ದಾವಲಸಾಬ ನನ್ನ ಹೊಟ್ಟೆಯ ಮುಚ್ಚಳ ತೆಗೆದ. ಒಳಗಿನದನ್ನು ಬೆರಳಿನಿಂದ ತೆಗೆದು, ತಿಕ್ಕಿ, ಮೂಸಿ ನೋಡಿದ. ಕಾಡಿಗೆಯಂಥ ಕಪ್ಪು, ಅದರಲ್ಲಿ ಮಿನುಗುವ ಕಬ್ಬಿಣದ ಪುಡಿ.

“ಹರಳೆಣ್ಣಿ ವಾಸನಿ ಬರತೈತಿ. ಏನ್ ಹಾಕೀರಿ ಕಾಕಾ ಇದರಾಗ?”

ಅಡಿವೆಪ್ಪ ನೆಲ ನೋಡಿದ. “ಕೀಲೆಣ್ಣಿ” ಎಂದ. “ಭಾಳ ಒದರಾಕತ್ತಿತ್ತು. ಹಾಕಿದ ಮ್ಯಾಲ ಸುಮ್ಮನಾತು.”

ದಾವಲಸಾಬ ಬೈಯಲಿಲ್ಲ. ಕೈ ಒರೆಸಿಕೊಂಡ. “ಸುಮ್ಮನಾತು ಅಂದ್ರ ಆರಾಮಾತು ಅಂತಲ್ಲ ಕಾಕಾ. ಒಳಗ ಬ್ಯಾನಿ ಐತಿ, ನೋಡ್ರಿ ಅಂತ ಒದರಾಕತ್ತಿತ್ತು ಅದು. ಬೂದಿ ಹೋಗಿ ಎಲ್ಲಾನೂ ತಿಂದ ಬಿಟ್ಟೈತಿ.”

ಅಡಿವೆಪ್ಪ ನನ್ನ ಪಕ್ಕದಲ್ಲೇ ಕುಸಿದು ಕುಳಿತ. ಆಗ ಕಟ್ಟೆಯಿಂದ ಕಲ್ಲವ್ವನ ಮಾತು ಬಂತು, ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ.

“ಹಂಗ ಬಿಡಿಸಿ ಹೇಳೋ ತಮ್ಮಾ ಅವರಿಗೆ. ನನಗೂ ಅದನ್ನ ಮಾಡ್ಯಾರ. ಕಾಲ ಹರೀತಾವು ಅಂದ್ರ ಏನಾಗಂಗಿಲ್ಲ ಅಂತಾರ. ಮಷಿನ್ ಹಚ್ಚಿದಾಗ ಜೀವಾ ಹಿಂಡಿ ತಗದಂಗ ಆಕ್ಕೈತಿ ಅಂತ ಹೇಳಾಕ ಹೋದ್ರ, ಸುಮ್ನಿರು ಅಂತಾರ. ಸುಮ್ಮನಾಗೇನಿ. ನಾ ಸುಮ್ಮನಾದ್ರ ಅವರಿಗೆ ರೊಟ್ಟಿ ಸೇರತೈತಿ. ನನ್ನೊಳಗ ಏನ ಉಳದೈತಿ ಅಂತ ಯಾರ ನೋಡ್ಯಾರು?”

ದಾವಲಸಾಬ ಎದ್ದು, ನೀರು ಕುಡಿದು ಬರುತ್ತೇನೆಂದು ಬಾವಿಯ ಕಡೆ ನಡೆದ. ಓಣಿಯವರೂ ಸರಿದರು. ಅಡಿವೆಪ್ಪ ಕಪ್ಪಾದ ಕೈಗಳನ್ನು ಮುಂದೆ ಹಿಡಿದುಕೊಂಡೇ ಎಷ್ಟೋ ಹೊತ್ತು ಕುಳಿತ.

“ನನಗ ಹೆದರಿಕಿ ಕಲ್ಲವ್ವಾ” ಎಂದ. “ನೀ ಬ್ಯಾನಿ ಅಂದ್ರ ನನಗ ಹೆದರಿಕಿ ಆಕ್ಕೈತಿ. ಕೇಳಿದ್ರ ಖರೇ ಆಗಿಬಿಡತೈತಿ ಅಂತ. ಅದಕ್ಕ ಬಾಯಿ ಮುಚ್ಚಸ್ತಿದ್ದೆ.” ಅವಳ ಕಡೆ ತಿರುಗಿ, “ಈಗ ಹೇಳು. ಕೇಳ್ತೇನಿ” ಎಂದ.

ಅವಳು ಹೇಳಿದಳು. ಸೂಜಿ ಚುಚ್ಚುವ ತೋಳಿನ ಉರಿ ಹೇಳಿದಳು. ಮಷಿನ್ನಿನಿಂದ ಎದ್ದಾಗ ಕಣ್ಣು ಕತ್ತಲೆ ಬರುವುದು, ಬಾಯಾರಿದರೂ ಗುಟುಕು ನೀರು ಲೆಕ್ಕ ಹಾಕಿ ಕುಡಿಯುವುದು, ಕಾಲುಂಗುರ ಕತ್ತರಿಸಿದ ದಿನ ತಾನು ಸತ್ತಂತೆಯೇ ಅನ್ನಿಸಿದ್ದು, ಎಲ್ಲವನ್ನೂ ಹೇಳಿದಳು. ಅವನು ಒಂದು ಸಲವೂ ಏನಾಗಂಗಿಲ್ಲ ಅನ್ನಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಕೈ ಮಸಿಯಾಗಿದ್ದರಿಂದ ಒರೆಸಿಕೊಳ್ಳಲಿಲ್ಲ. ಬಿರುಕುಬಿಟ್ಟ ಹೊಟ್ಟೆ ತೆರೆದುಕೊಂಡು ನಾನೂ ಅಲ್ಲೇ ಬಿದ್ದಿದ್ದೆ, ಎಲ್ಲವನ್ನೂ ಕೇಳಿದೆ.

ಕೊನೆಗೆ ಅವಳೇ ಅಂದಳು. “ಬರ್ತೇನಿ ನಾ. ಆದ್ರ ಒಂದ ಮಾತ ಕೊಡ್ರಿ. ನಾ ಸಾಕು ಅಂದ ದಿನ, ನೀವೂ ಸಾಕು ಅನ್ನಬೇಕು. ಜಬರದಸ್ತಿ ಮಾಡಬಾರದು.”

ಅಡಿವೆಪ್ಪ ತಲೆ ಎತ್ತಲಿಲ್ಲ. ಬಾವಿಯ ಹತ್ತಿರ ರಾಟೆಯ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ದಾವಲಸಾಬ ಅಲ್ಲೇ ನಿಂತು ಕಾಯುತ್ತಿದ್ದ.

“ಹೂಂ” ಎಂದ ಅಡಿವೆಪ್ಪ. ಅಷ್ಟು ಭಾರದ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಸಂಜೆಯೊಳಗೆ ಹೊಸಬನನ್ನು ನನ್ನ ಜಾಗಕ್ಕೆ ಬಿಗಿದರು. ಶುದ್ಧ ಗೇರ್ ಆಯಿಲ್ ಸುರಿದರು. ದವಾಖಾನೆಗೆ ಫೋನ್ ಮಾಡಿದಾಗ ಶನಿವಾರ ಮುಂಜಾನೆಯೇ ಬನ್ನಿ ಎಂದರು. ಶನಿವಾರ ಕಲ್ಲವ್ವ ತಾನೇ ನಡೆದು ಬಂದು ಜೀಪು ಹತ್ತಿದಳು. ಹೊಸಬ ಎರೆಮಣ್ಣನ್ನು ಸೀಳಿಕೊಂಡು ಹೋದ. ಹೊಟ್ಟೆಕಿಚ್ಚು ಪಟ್ಟೆನೇ ಎಂದು ಕೇಳಿದರೆ, ಪಟ್ಟೆ. ಆದರೆ ಅವನು ಅಗಸೆ ದಾಟುವ ಸದ್ದು ಕೇಳಿದಾಗ ಉಸಿರು ಬಿಟ್ಟೆ.

ದಾವಲಸಾಬ ನನ್ನನ್ನು ಗುಜರಿಗೆ ಒಯ್ಯುತ್ತೇನೆಂದಿದ್ದ. ಅಡಿವೆಪ್ಪ ಒಪ್ಪಲಿಲ್ಲ. ದುಡಿದ ಎತ್ತನ್ನು ಕಟುಕರಿಗೆ ಕೊಡುವ ಮನೆತನ ಅಲ್ಲ ನಮ್ಮದು ಎಂದ. ಬೇವಿನ ಬುಡದಲ್ಲಿ ನನಗೊಂದು ಮೂಲೆ ಸಿಕ್ಕಿತು. ಕೋಳಿಗಳು ನನ್ನ ತೋಳಿನ ಮೇಲೆ ಕೂರುತ್ತವೆ, ಒಳಗೆ ಇರುವೆ ಗೂಡು ಮಾಡಿವೆ. ಮೂಲೆಗೆ ಬಿದ್ದ ಮೇಲೆ ಒಂದು ಲಾಭವಾಯಿತು. ಇಲ್ಲಿಂದ ಮನುಷ್ಯರು ಪೂರ್ತಿ ಕಾಣುತ್ತಾರೆ. ಕಲ್ಲವ್ವನದು ದುಂಡು ಮುಖ, ಹಣೆಯ ಮೇಲೆ ಹಚ್ಚೆಯ ಬೊಟ್ಟು. ಇಷ್ಟು ವರ್ಷ ಹೊತ್ತು ತಿರುಗಿದವನಿಗೆ ಅದೇ ಗೊತ್ತಿರಲಿಲ್ಲ.

ಆಮೇಲೆ ಹಲವು ಮಳೆ ಬಂದು ಹೋದವು. ಹೊರಡುವಾಗಲೆಲ್ಲ ಅವನು “ಇವತ್ತ ಹೆಂಗೈತಿ?” ಎಂದು ಕೇಳುತ್ತಾನೆ. ಬ್ಯಾನಿ ಐತಿ ಅಂದರೆ, ಎಲ್ಲಿ, ಎಷ್ಟು ಎಂದು ಕೇಳಿ ಸುಮ್ಮನೆ ತಲೆಯಾಡಿಸುತ್ತಾನೆ. ಅದರಿಂದ ಅವಳ ನೋವು ಕಡಿಮೆಯಾಯಿತು ಎಂದು ನಾನು ಹೇಳಲಾರೆ. ಮಾತು ಮಾತ್ರ ಹೆಚ್ಚಾಯಿತು. ಕೆಲವು ಸಲ ಜೀಪಿನೊಳಗಿಂದ ನಗು ಕೂಡ ಕೇಳುತ್ತಿತ್ತು. ಸವೆಯುವುದನ್ನು ಯಾವ ಎಣ್ಣೆಯೂ ತಡೆಯುವುದಿಲ್ಲ. ಕೇಳುವವರಿದ್ದರೆ ಸವೆಯುವುದೂ ಒಂದು ಬದುಕೇ ಎಂದು ಈ ಮೂಲೆಯಲ್ಲಿ ಮಲಗಿ ನಾನು ಕಲಿತೆ.

ಮೊನ್ನೆ ಗುರುವಾರ, ಮಾಗಿಯ ಚಳಿ. ಅಡಿವೆಪ್ಪ ಜೀಪು ಸುರುಮಾಡಿ ಕುಳಿತಿದ್ದ. ಕಲ್ಲವ್ವ ಕಟ್ಟೆ ಇಳಿದು, ಅಂಗಳ ದಾಟಿ, ಜೀಪಿನ ಬಾಗಿಲಿನವರೆಗೆ ಬಂದಳು. ಕಂಬಿ ಹಿಡಿದಳು. ಹತ್ತಲಿಲ್ಲ. ಅವನ ಮುಖವನ್ನು ನೋಡುತ್ತ ನಿಂತಳು.

“ಸಾಕ್ರೀ. ಇನ್ನ ಸಾಕು” ಎಂದಳು.

ಎಂಜಿನ್ ಓಡುತ್ತಲೇ ಇತ್ತು. ಅಡಿವೆಪ್ಪ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದಿದ್ದ. ಬಾಯಿ ತೆರೆದ, ತುಟಿ ಅಲುಗಿತು. ಏನಾಗಂಗಿಲ್ಲ, ಹತ್ತು ಎನ್ನುತ್ತಾನೆಂದು ನಾನು ಕಾದೆ. ಅವನು ಎನ್ನಲಿ ಎಂದೂ ಒಂದು ಗಳಿಗೆ ಆಸೆಪಟ್ಟೆ.

ಅವನು ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಇಳಿದು, ಜೀಪನ್ನು ಸುತ್ತಿ ಬಂದು, ಅವಳ ಕೈ ಹಿಡಿದ.

“ಹೂಂ, ಸಾಕು. ಎಲ್ಲಿ ಕುಂದರ್ತಿ, ಒಳಗೋ, ಬಿಸಲಾಗೋ?”

“ಬಿಸಲಾಗ.”

ಅವನು ಒಳಗಿನಿಂದ ಕಂಬಳಿ ತಂದು ಬಿಸಿಲಿಗೆ ಹಾಸಿದ.